ಕರೆಂಟ್ ಕಂಬದ ಮೇಲೆ ಗಾಜಿನ ಎಳೆ

ಮುಂಗಾರಿನ ಮೊದಲ ಗಾಳಿಮಳೆಗೆ ಕರೆಂಟ್ ಹೋಗುವ ಬಗೆಯನ್ನು ಗಮನಿಸಿದ್ದೀರಾ? ಒಂದೇ ಏಟಿಗೆ ಹೋಗಿ ಕೂರುವುದು ಕಡಿಮೆ. ದೀಪ ಆರುತ್ತದೆ, ಒಂದೆರಡು ಕ್ಷಣದಲ್ಲಿ ಮತ್ತೆ ಹತ್ತುತ್ತದೆ. ಫ್ಯಾನು ವೇಗ ಹಿಡಿಯುವಷ್ಟರಲ್ಲಿ ಮತ್ತೆ ಆರುತ್ತದೆ. ಇನ್ನೊಮ್ಮೆ ಬರುತ್ತದೆ, ಇನ್ನೊಮ್ಮೆ ಹೋಗುತ್ತದೆ. ಆಮೇಲೆ ಬರುವುದೇ ಇಲ್ಲ. “ಇನ್ನು ಬೆಳಗ್ಗೆಯೇ” ಎಂದು ಮನೆಯ ಹಿರಿಯರು ಹೇಳುತ್ತಾರೆ, ಬಹುಮಟ್ಟಿಗೆ ಹಾಗೇ ಆಗುತ್ತದೆ. ಹೋಗಿ ಬರುವ ಕರೆಂಟಿಗೂ ಹೋಗಿಯೇಬಿಡುವ ಕರೆಂಟಿಗೂ ಏನೋ ವ್ಯತ್ಯಾಸವಿದೆ ಎಂಬುದು ನಮಗೆಲ್ಲ ಅನುಭವದಿಂದ ಗೊತ್ತು. ಆ ವ್ಯತ್ಯಾಸ ಯಾವುದು ಎಂಬುದು ಅಷ್ಟಾಗಿ ಗೊತ್ತಿಲ್ಲ.

ಈ ಒಗಟನ್ನು ಬಿಡಿಸುತ್ತ ಹೋದರೆ ಇನ್ನೊಂದು ಸಂಗತಿಯೂ ತಿಳಿಯಾಗುತ್ತದೆ. ಅಮೆರಿಕದ ಹಳ್ಳಿಗಾಡಿನಲ್ಲಿ ಕರೆಂಟ್ ಹಂಚುವ ಸಹಕಾರ ಸಂಘಗಳಲ್ಲಿ ಇನ್ನೂರಕ್ಕೂ ಹೆಚ್ಚು ಸಂಘಗಳು ಇಂದು ಮನೆ ಮನೆಗೆ ಇಂಟರ್‌ನೆಟ್ಟಿನ ಫೈಬರ್ ಎಳೆಯುತ್ತಿವೆ, ಅದೂ ದೊಡ್ಡ ಟೆಲಿಫೋನ್ ಕಂಪನಿಗಳು ಕಾಲಿಡಲು ಒಪ್ಪದ ಊರುಗಳಲ್ಲಿ. ಕರೆಂಟ್ ಸಂಘಕ್ಕೂ ಇಂಟರ್‌ನೆಟ್ಟಿಗೂ ಎಲ್ಲಿಯ ನಂಟು? ನಂಟು ಶುರುವಾಗುವುದು ಆ ಮಳೆಗಾಲದ ರಾತ್ರಿ ಮಿಟುಕುವ ದೀಪದಲ್ಲೇ.

ಮತ್ತೆ ಮತ್ತೆ ಪ್ರಯತ್ನ

ಬಯಲಲ್ಲಿ ಹಾದುಹೋಗುವ ತಂತಿಗೆ ಬರುವ ತೊಂದರೆಗಳಲ್ಲಿ ಹತ್ತಕ್ಕೆ ಏಳೆಂಟು ತಾತ್ಕಾಲಿಕವಾದವು. ಕೊಂಬೆಯೊಂದು ತಂತಿಗೆ ತಗುಲಿ, ಕಿಡಿ ಹಾರಿಸಿ, ಕೆಳಗೆ ಬೀಳುತ್ತದೆ. ಗಾಳಿಗೆ ಎರಡು ತಂತಿಗಳು ಒಂದಕ್ಕೊಂದು ತಾಗಿ ದೂರ ಸರಿಯುತ್ತವೆ. ಸಿಡಿಲು ಬಡಿದು ಇನ್ಸುಲೇಟರಿನ ಮೈಮೇಲೆ ಒಂದು ಕ್ಷಣ ಬೆಂಕಿ ಹರಿಯುತ್ತದೆ. ಹೀಗೆ ಅಡ್ಡದಾರಿ ಸಿಕ್ಕೊಡನೆ ತಂತಿಯಲ್ಲಿ ಎಂದಿಗಿಂತ ಹಲವು ಪಟ್ಟು ಕರೆಂಟ್ ನುಗ್ಗುತ್ತದೆ. ಹಾಗೇ ಬಿಟ್ಟರೆ ತಂತಿ ಕರಗುತ್ತದೆ, ಟಿ.ಸಿ., ಅಂದರೆ ಟ್ರಾನ್ಸ್‌ಫಾರ್ಮರ್, ಸುಡುತ್ತದೆ. ಆದ್ದರಿಂದ ಮೊದಲು ಲೈನ್ ಬಿಚ್ಚಬೇಕು. ಬಿಚ್ಚಿದ ಮೇಲೆ, ಕೊಂಬೆ ಆಗಲೇ ಬಿದ್ದುಹೋಗಿರುವ ಸಂಭವವೇ ಹೆಚ್ಚಾದ್ದರಿಂದ, ಸ್ವಲ್ಪ ತಡೆದು ಮತ್ತೆ ಜೋಡಿಸಿ ನೋಡಬೇಕು.

ನಮ್ಮ ಕಡೆ ಸಬ್‌ಸ್ಟೇಷನ್ನಿನ ಆಪರೇಟರ್ ಮಾಡುವ ‘ಟೆಸ್ಟ್ ಚಾರ್ಜ್’ ಇದೇ. ಅಮೆರಿಕದ ಹಳ್ಳಿಗಾಡಿನಲ್ಲಿ ಈ ಕೆಲಸವನ್ನು ಕಂಬದ ಮೇಲೆಯೇ ಕೂತ ಒಂದು ಪೆಟ್ಟಿಗೆ ಮಾಡುತ್ತದೆ. ಇಂಜಿನಿಯರುಗಳು ಅದನ್ನು ರಿಕ್ಲೋಸರ್ ಎನ್ನುತ್ತಾರೆ. ನಾವು ಮರುಜೋಡಕ ಎನ್ನೋಣ. ಕರೆಂಟ್ ಮಿತಿಮೀರಿದರೆ ಅದು ಲೈನ್ ಬಿಚ್ಚುತ್ತದೆ, ಅರ್ಧ ಸೆಕೆಂಡೋ ಕೆಲವು ಸೆಕೆಂಡೋ ಕಾದು ಜೋಡಿಸುತ್ತದೆ. ಅಡ್ಡದಾರಿ ಇನ್ನೂ ಇದ್ದರೆ ಮತ್ತೆ ಬಿಚ್ಚುತ್ತದೆ. ಮೂರೋ ನಾಲ್ಕೋ ಸಲ ಹೀಗೆ ನೋಡಿ, ಇದು ತಾನಾಗಿ ಸರಿಹೋಗುವ ತೊಂದರೆಯಲ್ಲ ಎಂದಾದಾಗ ಬಿಚ್ಚಿಕೊಂಡೇ ಉಳಿಯುತ್ತದೆ. ದೀಪ ಮಿಟುಕುವುದು ಅದರ ಪ್ರಯತ್ನ. ಕೊನೆಯ ಕತ್ತಲು ಅದರ ತೀರ್ಮಾನ.

ಇಲ್ಲಿಯವರೆಗೆ ಎಲ್ಲವೂ ಚೆನ್ನಾಗಿದೆ. ಸಂಕಟ ಶುರುವಾಗುವುದು ತೀರ್ಮಾನದ ನಂತರ. ಆ ಮರುಜೋಡಕದ ಆಚೆ ಮೂವತ್ತು ಕಿಲೋಮೀಟರ್ ಲೈನ್ ಇರಬಹುದು. ಮರ ಬಿದ್ದಿರುವುದು ಎರಡು ಕಂಬಗಳ ನಡುವೆ. ಕತ್ತಲಾಗಿರುವುದು ಆ ಮೂವತ್ತೂ ಕಿಲೋಮೀಟರಿಗೆ.

ನೀರುಗಂಟಿಗಳು ಮಾತಾಡಿಕೊಂಡರೆ

ಕೆರೆಯ ಕಾಲುವೆಯನ್ನು ನೆನಪಿಸಿಕೊಳ್ಳಿ. ಉದ್ದನೆಯ ಕಾಲುವೆ, ಅಲ್ಲಲ್ಲಿ ಅಡ್ಡಹಲಗೆ, ಒಂದೊಂದು ಹಲಗೆಗೂ ಒಬ್ಬೊಬ್ಬ ನೀರುಗಂಟಿ. ರಾತ್ರಿ ಎಲ್ಲೋ ಏರಿ ಒಡೆಯಿತು. ತೂಬಿನ ಬಳಿ ಇರುವವನಿಗೆ ಕಾಣುವುದು ಒಂದೇ: ನೀರು ಎಂದಿಗಿಂತ ರಭಸವಾಗಿ ಹೋಗುತ್ತಿದೆ. ಎಲ್ಲಿ ಒಡೆದಿದೆ ಎಂಬುದು ಅವನಿಗೆ ಕಾಣದು. ಅವನಿಂದ ಆಗುವುದು ತೂಬನ್ನೇ ಮುಚ್ಚುವುದು. ಒಡಕಿನ ಹತ್ತಿರದ ನಾಲ್ಕು ಗದ್ದೆಯ ಜೊತೆ ಕಾಲುವೆಯ ಉದ್ದಕ್ಕೂ ಇರುವ ಎಲ್ಲರ ಗದ್ದೆಯೂ ಒಣಗುತ್ತದೆ.

ಈಗ ಆ ನೀರುಗಂಟಿಗಳು ಕೂಗಿ ಮಾತಾಡಿಕೊಳ್ಳಬಲ್ಲರು ಎಂದಿಟ್ಟುಕೊಳ್ಳಿ. ಎರಡನೆಯವನು “ನನ್ನ ಹಲಗೆ ದಾಟಿ ರಭಸವಾಗಿ ಹೋಯಿತು” ಎನ್ನುತ್ತಾನೆ. ಮೂರನೆಯವನು “ನನ್ನ ಹತ್ತಿರ ಬರಲೇ ಇಲ್ಲ” ಎನ್ನುತ್ತಾನೆ. ಅಲ್ಲಿಗೆ ಮುಗಿಯಿತು, ಒಡಕು ಇರುವುದು ಇವರಿಬ್ಬರ ನಡುವೆ. ಇಬ್ಬರೂ ತಮ್ಮ ತಮ್ಮ ಹಲಗೆ ಇಳಿಸುತ್ತಾರೆ. ಮೊದಲನೆಯವನು ತೂಬನ್ನು ಮತ್ತೆ ಎತ್ತುತ್ತಾನೆ. ಕಾಲುವೆಯ ಆ ತುದಿಯಲ್ಲಿ ಇನ್ನೊಂದು ಕೆರೆಗೆ ಸೇರುವ ಬಾಗಿಲಿದ್ದರೆ, ಅಲ್ಲಿಯವನು ಅದನ್ನು ತೆರೆದು ಮೂರನೆಯವನ ಆಚೆಯ ಗದ್ದೆಗಳಿಗೆ ಹಿಂದಿನಿಂದ ನೀರು ಹರಿಸುತ್ತಾನೆ. ಒಣಗುವುದು ಒಡಕಿನ ಆಸುಪಾಸು ಮಾತ್ರ.

ವಿದ್ಯುತ್ ಜಾಲ ತನ್ನ ಗಾಯವನ್ನು ತಾನೇ ಕಟ್ಟಿಕೊಳ್ಳುವುದು ಹೀಗೆ. ಪೆಟ್ಟಿಗೆಗಳು ಮೊದಲೇ ಇದ್ದವು, ಬಿಚ್ಚಿ ಜೋಡಿಸುವ ಶಕ್ತಿಯೂ ಇತ್ತು. ಕೊರತೆ ಇದ್ದದ್ದು ಮಾತಿನದು. ಎರಡನೆಯದು ಕಂಡದ್ದನ್ನು ಮೂರನೆಯದು ತಿಳಿದ ಕ್ಷಣವೇ ‘ಎಲ್ಲೋ ಒಂದು ಕಡೆ’ ಎಂಬುದು ‘ಇಲ್ಲಿ’ ಎಂದಾಗುತ್ತದೆ. ಟೆನೆಸ್ಸೀ ರಾಜ್ಯದ ಚಾಟನೂಗದಲ್ಲಿ ಇಪಿಬಿ ಎಂಬ ವಿದ್ಯುತ್ ಸಂಸ್ಥೆಯಿದೆ. ಅದು ನಗರದ್ದು, ಸಹಕಾರ ಸಂಘವಲ್ಲ. ಆದರೆ ಈ ವಿಷಯದಲ್ಲಿ ಎಲ್ಲರಿಗೂ ದಾರಿ ತೋರಿದ್ದು ಅದೇ. ಸಾವಿರಕ್ಕೂ ಹೆಚ್ಚು ಇಂಥ ಸ್ವಿಚ್ಚುಗಳನ್ನು ಫೈಬರಿನಿಂದ ಹೆಣೆಯಿತು, ಅದೇ ಫೈಬರಿನಲ್ಲಿ 2010ರಲ್ಲಿ ತನ್ನ ಗ್ರಾಹಕರಿಗೆಲ್ಲ ಸೆಕೆಂಡಿಗೆ ಒಂದು ಗಿಗಾಬಿಟ್ ವೇಗದ ಇಂಟರ್‌ನೆಟ್ ಕೊಡಲು ಸಿದ್ಧವಾಯಿತು.

ತಾಮ್ರ ಕೈಕೊಡುವ ಗಳಿಗೆ

ಮಾತಾಡಲು ಫೈಬರ್ ಎಂಬ ಗಾಜಿನ ಎಳೆಯೇ ಯಾಕೆ ಬೇಕು? ಟೆಲಿಫೋನ್ ತಂತಿ ಇಲ್ಲವೇ, ರೇಡಿಯೋ ಇಲ್ಲವೇ ಎಂದು ಕೇಳುವುದು ಸಹಜ. ಎರಡನ್ನೂ ದಶಕಗಳ ಕಾಲ ಬಳಸಿದ್ದಾರೆ. ಕರೆಂಟಿನ ತಂತಿಯಲ್ಲೇ ಸಂದೇಶ ಕಳಿಸುವ ಉಪಾಯವೂ ಇತ್ತು. ಮೀಟರ್ ರೀಡಿಂಗ್ ತರಲು ಹಳ್ಳಿಯ ಸಂಘಗಳು ಬಳಸಿದ ಅಂಥ ಒಂದು ತಂತ್ರಕ್ಕೆ ‘ಟರ್ಟಲ್’, ಅಂದರೆ ಆಮೆ, ಎಂದೇ ಹೆಸರು. ಒಂದು ರೀಡಿಂಗ್ ಬಂದು ಮುಟ್ಟಲು ಸುಮಾರು ಒಂದು ದಿನ ಹಿಡಿಯುತ್ತಿತ್ತು. ತಿಂಗಳ ಬಿಲ್ಲಿಗೆ ಅದು ಸಾಕು, ಬಿದ್ದ ಮರಕ್ಕೆ ಸಾಲದು. ರೇಡಿಯೋಗೆ ಗುಡ್ಡ ಅಡ್ಡ ಬರುತ್ತದೆ, ಮಳೆಯಲ್ಲಿ ನೆನೆದ ದಟ್ಟ ಮರಗಳು ಅಲೆಯನ್ನು ಹೀರುತ್ತವೆ.

ತಾಮ್ರದ ತಂತಿಯ ಕಥೆ ಬೇರೆ, ಅದನ್ನು ಸ್ವಲ್ಪ ನಿಂತು ನೋಡಬೇಕು. ಕರೆಂಟ್ ಹರಿಯುವ ತಂತಿಯ ಸುತ್ತ ಕಾಂತಕ್ಷೇತ್ರ ಇರುತ್ತದೆ. ಆ ಕಾಂತಕ್ಷೇತ್ರ ಏರಿಳಿದರೆ ಪಕ್ಕದ ತಾಮ್ರದಲ್ಲಿ ಬೇಡದ ಕರೆಂಟ್ ಹುಟ್ಟುತ್ತದೆ. ಮಾಮೂಲಿ ದಿನಗಳಲ್ಲಿ ಇದು ಟೆಲಿಫೋನಿನಲ್ಲಿ ಗುಂಯ್ ಎಂಬ ಸದ್ದು, ಅಷ್ಟೇ. ಮರ ಬಿದ್ದ ಗಳಿಗೆಯಲ್ಲಿ ಮಾತ್ರ ದೊಡ್ಡ ತಂತಿಯಲ್ಲಿ ಹಲವು ಪಟ್ಟು ಕರೆಂಟ್ ನುಗ್ಗುತ್ತದೆ, ಪಕ್ಕದ ತಾಮ್ರಕ್ಕೂ ಅಷ್ಟೇ ದೊಡ್ಡ ಪೆಟ್ಟು ಬೀಳುತ್ತದೆ. ಸಬ್‌ಸ್ಟೇಷನ್ನಿನ ನೆಲದ ವೋಲ್ಟೇಜೇ ಏರಿ, ಒಳಗೆ ಬಂದ ಟೆಲಿಫೋನ್ ತಂತಿಯ ಮೂಲಕ ಹೊರಗೆ ಹರಿಯಲು ನೋಡುತ್ತದೆ. ಅಂದರೆ ಸಂದೇಶ ಅತ್ಯಂತ ತುರ್ತಾಗಿರುವ ಆ ಒಂದೇ ಗಳಿಗೆಯಲ್ಲಿ ತಾಮ್ರ ಕೈಕೊಡುತ್ತದೆ.

ಗಾಜಿನಲ್ಲಿ ಕರೆಂಟ್ ಹರಿಯುವುದಿಲ್ಲ. ಸಾವಿರಾರು ವೋಲ್ಟಿನ ತಂತಿಗೆ ಮೊಳದಷ್ಟು ದೂರದಲ್ಲಿ ತೂಗುಹಾಕಿದರೂ ಅದರೊಳಗಿನ ಬೆಳಕಿಗೆ ಪಕ್ಕದ ಗದ್ದಲ ತಟ್ಟುವುದಿಲ್ಲ. ಕಂಬದಲ್ಲಿ ಹಾಕುವ ಫೈಬರ್ ಕೇಬಲ್ಲಿನಲ್ಲಿ ಲೋಹದ ಚೂರೂ ಇಲ್ಲದಂತೆ ಮಾಡಬಹುದು. ಬಿಗಿಯಾಗಿ ಎಳೆದು ಕಟ್ಟಲು ಉಕ್ಕಿನ ಬದಲು ಅರಾಮಿಡ್ ನೂಲು ಸಾಕು, ಗುಂಡು ತಡೆಯುವ ಅಂಗಿಗಳಲ್ಲಿ ಬಳಸುವ ನೂಲು ಅದೇ.

ಗಾಜಿನೊಳಗೆ ಬೆಳಕಿನ ಸೆರೆ

ಫೈಬರಿನ ಒಂದು ಎಳೆಯ ಅಡ್ಡಗಲ ಒಂದು ಮಿಲಿಮೀಟರಿನ ಎಂಟನೇ ಒಂದು ಭಾಗ. ಬೆಳಕು ಓಡುವುದು ಅದರ ನಟ್ಟನಡುವೆ, ಮಿಲಿಮೀಟರಿನ ನೂರನೇ ಒಂದು ಭಾಗಕ್ಕಿಂತಲೂ ಕಿರಿದಾದ ತಿರುಳಿನಲ್ಲಿ. ತಿರುಳೂ ಗಾಜೇ, ಸುತ್ತಲಿನ ಹೊದಿಕೆಯೂ ಗಾಜೇ. ಆದರೆ ಬೆಳಕು ಹೊದಿಕೆಯಲ್ಲಿ ತುಸು ವೇಗವಾಗಿ ಸಾಗುವಂತೆ ಎರಡರ ಹದ ಬೇರೆ ಮಾಡಿರುತ್ತಾರೆ. ತಿರುಳಿನೊಳಗಿಂದ ಓರೆಯಾಗಿ ಬಂದ ಬೆಳಕು ಆ ಗಡಿಯನ್ನು ದಾಟಲಾರದೆ ಪೂರ್ತಿ ಒಳಕ್ಕೇ ತಿರುಗುತ್ತದೆ. ಕನ್ನಡಿಯಲ್ಲಿ ಪ್ರತಿ ಸಲವೂ ಒಂದಿಷ್ಟು ಬೆಳಕು ಸೋರಿಹೋಗುತ್ತದೆ, ಇಲ್ಲಿ ಆ ಸೋರಿಕೆಯೂ ಇಲ್ಲ. ಇಂಥ ಎಳೆಗಳ ಕಟ್ಟಿನಲ್ಲಿ ಚಿತ್ರ ಸಾಗಿಸಬಹುದೆಂದು 1954ರಲ್ಲಿ ಹ್ಯಾರಲ್ಡ್ ಹಾಪ್ಕಿನ್ಸ್ ಜೊತೆ ತೋರಿಸಿದವರು ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿ. ಬೆಳಕು ಹೆಚ್ಚು ದೂರ ಹೋಗದಿರಲು ಕಾರಣ ಗಾಜಿನೊಳಗಿನ ಕಲ್ಮಶ, ಅದನ್ನು ತೆಗೆದರೆ ಎಳೆ ಟೆಲಿಫೋನಿಗೂ ಆಗುತ್ತದೆ ಎಂದು 1966ರಲ್ಲಿ ಹೇಳಿದವರು ಚಾರ್ಲ್ಸ್ ಕಾವ್. ಆ ಕೆಲಸಕ್ಕೆ 2009ರಲ್ಲಿ ಅವರಿಗೆ ನೊಬೆಲ್ ಬಂತು.

ಇಂದಿನ ಒಳ್ಳೆಯ ಫೈಬರಿನಲ್ಲಿ ಹದಿನೈದು ಕಿಲೋಮೀಟರ್ ಸಾಗಿದ ಮೇಲೂ ಅರ್ಧದಷ್ಟು ಬೆಳಕು ಉಳಿದಿರುತ್ತದೆ. ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್. ಮೂವತ್ತು ಕಿಲೋಮೀಟರ್ ದೂರದ ಮರುಜೋಡಕಕ್ಕೆ ಸುದ್ದಿ ಮುಟ್ಟಲು ಮಿಲಿಸೆಕೆಂಡಿನ ಆರನೇ ಒಂದು ಭಾಗವೂ ಬೇಡ. ನಮ್ಮ ದೇಶದ ಕರೆಂಟ್ ಒಮ್ಮೆ ಏರಿಳಿಯಲು 20 ಮಿಲಿಸೆಕೆಂಡ್ ಬೇಕು, ಅಮೆರಿಕದ್ದಕ್ಕೆ ಸುಮಾರು 17. ಕರೆಂಟ್ ಒಂದು ಏರಿಳಿತ ಮುಗಿಸುವ ಮೊದಲೇ ಲೈನಿನ ಎರಡು ತುದಿಗಳು ಹಲವು ಸಲ ಮಾತಾಡಿಕೊಂಡಿರುತ್ತವೆ.

ಇಪ್ಪತ್ತು ದ್ವೀಪಗಳ ಸಂಘ

ಅಮೆರಿಕದ ವಾಯವ್ಯ ಮೂಲೆಯ ವಾಷಿಂಗ್ಟನ್ ರಾಜ್ಯದಲ್ಲಿ, ಮುಖ್ಯ ನೆಲಕ್ಕೂ ಕೆನಡಾದ ವ್ಯಾಂಕೂವರ್ ದ್ವೀಪಕ್ಕೂ ನಡುವೆ, ಸ್ಯಾನ್ ವಾನ್ ದ್ವೀಪಗಳು ಚೆದುರಿಕೊಂಡಿವೆ. ಲೋಪೆಜ್, ಶಾ, ಓರ್ಕಸ್, ಸ್ಯಾನ್ ವಾನ್ ಈ ನಾಲ್ಕಕ್ಕೆ ಸಾರ್ವಜನಿಕ ಹಡಗು ಓಡಾಡುತ್ತದೆ. ಮುಖ್ಯ ನೆಲಕ್ಕೆ ಸೇತುವೆ ಇಲ್ಲ. ಎತ್ತರದ ಡಗ್ಲಸ್ ಫರ್ ಮರಗಳ ಕಾಡು, ಚಳಿಗಾಲದಲ್ಲಿ ಸಮುದ್ರದಿಂದ ಎದ್ದು ಬರುವ ಬಿರುಗಾಳಿ. ತಂತಿಯ ಮೇಲೆ ಮರ ಬೀಳಲು ಇದಕ್ಕಿಂತ ಅನುಕೂಲದ ಜಾಗ ಬೇರೆ ಬೇಡ.

ಇಲ್ಲಿಯ ಜನರು 1937ರಲ್ಲಿ ಓರ್ಕಸ್ ಪವರ್ ಅಂಡ್ ಲೈಟ್ ಕೋಆಪರೇಟಿವ್ ಎಂಬ ಸಂಘ ಕಟ್ಟಿಕೊಂಡರು. ಚುಟುಕು ಹೆಸರು ಓಪಾಲ್ಕೊ. ಅದು 20 ದ್ವೀಪಗಳಿಗೆ ಕರೆಂಟ್ ಹಂಚುತ್ತದೆ. ಕರೆಂಟ್ ಬರುವುದು ಮುಖ್ಯ ನೆಲದಿಂದ, ಬಹುಪಾಲು ಜಲವಿದ್ಯುತ್ತು, ಸಮುದ್ರದಡಿಯ ಕೇಬಲ್‌ಗಳ ಮೂಲಕ. ದ್ವೀಪದಿಂದ ದ್ವೀಪಕ್ಕೂ ಹಾಗೆಯೇ. ಇಂಥ ಕಡೆ ‘ಎಲ್ಲೋ ಒಂದು ಕಡೆ ಲೈನ್ ಹೋಗಿದೆ’ ಎಂದರೆ ಲೈನ್‌ಮನ್ ಹಡಗಿಗೆ ಕಾಯಬೇಕು, ಹೋದ ಮೇಲೆ ಯಾವ ದ್ವೀಪ ಎಂದು ಹುಡುಕಬೇಕು. ಆದ್ದರಿಂದ ಇಂಟರ್‌ನೆಟ್ ಹಂಚುವ ಯೋಚನೆಗೆ ಬಹಳ ಮೊದಲೇ ಓಪಾಲ್ಕೊ ತನ್ನ ಸಬ್‌ಸ್ಟೇಷನ್‌ಗಳನ್ನೂ ಸ್ವಿಚ್ಚುಗಳನ್ನೂ ಕೂತಲ್ಲಿಂದಲೇ ನೋಡಿ ನಡೆಸಲು ಫೈಬರ್ ಹಾಕಿಕೊಂಡಿತ್ತು. ಅದು ಪೂರ್ತಿಯಾಗಿ ಕರೆಂಟಿನ ಕೆಲಸಕ್ಕಾಗಿ ಹಾಕಿದ ಫೈಬರ್.

2013ರ ನವೆಂಬರ್ 5ರಂದು ಟೆಲಿಫೋನ್ ಕಂಪನಿಯೊಂದರ ಸಮುದ್ರದಡಿಯ ಕೇಬಲ್ ಲೋಪೆಜ್ ಮತ್ತು ಸ್ಯಾನ್ ವಾನ್ ದ್ವೀಪಗಳ ನಡುವೆ ತುಂಡಾಯಿತು. ದ್ವೀಪಗಳ ಬಹುಭಾಗದಲ್ಲಿ ಫೋನ್, ಮೊಬೈಲ್, ಇಂಟರ್‌ನೆಟ್ ಎಲ್ಲ ನಿಂತವು. ತುರ್ತು ಸಹಾಯದ 911 ಕೂಡ ಕೈಕೊಟ್ಟಿತು. ಹೃದಯಾಘಾತವಾದವರ ಮನೆಯವರು ಆಂಬುಲೆನ್ಸಿಗೆ ಫೋನ್ ಮಾಡಲಾಗದ ಸ್ಥಿತಿ. ಎಲ್ಲ ಸರಿಹೋಗಲು ಸುಮಾರು ಹತ್ತು ದಿನ ಹಿಡಿಯಿತು. ಅದೇ ದ್ವೀಪಗಳಲ್ಲಿ, ಜನರೇ ಒಡೆಯರಾದ ಸಂಘದ ಫೈಬರ್ ಇತ್ತು. ಅದರ ಹಲವು ಎಳೆಗಳಲ್ಲಿ ಬೆಳಕೇ ಹರಿಯುತ್ತಿರಲಿಲ್ಲ.

ಆ ಹತ್ತು ದಿನಗಳು ಚರ್ಚೆಯ ದಿಕ್ಕನ್ನೇ ಬದಲಿಸಿದವು. ಇಂಟರ್‌ನೆಟ್ ಸಂಘದ ಕೆಲಸವೇ, ಕರೆಂಟಿನ ದುಡ್ಡು ಅದಕ್ಕೆ ಹೋಗಬಹುದೇ ಎಂಬ ವಾದ ಮೊದಲಿನಿಂದಲೂ ಇತ್ತು. ಅದು ನ್ಯಾಯವಾದ ಪ್ರಶ್ನೆ, ಇಂಟರ್‌ನೆಟ್ ಬೇಡವೆನ್ನುವ ಸದಸ್ಯನ ಮೇಲೆ ಅದರ ಹೊರೆ ಬೀಳಬಾರದು. 2015ರಲ್ಲಿ ಓಪಾಲ್ಕೊ ದ್ವೀಪದಲ್ಲೇ ಇದ್ದ ರಾಕ್ ಐಲ್ಯಾಂಡ್ ಎಂಬ ಇಂಟರ್‌ನೆಟ್ ಕಂಪನಿಯನ್ನು ಕೊಂಡು ಅಂಗಸಂಸ್ಥೆ ಮಾಡಿಕೊಂಡಿತು. ಲೆಕ್ಕ ಬೇರೆ, ಕಂಬ ಮತ್ತು ಫೈಬರಿನ ಬೆನ್ನೆಲುಬು ಒಂದೇ. ಬಂಡೆಯ ನಡುವೆ ಅಗೆದು ಮನೆ ಮನೆಗೂ ಎಳೆ ಎಳೆಯುವುದು ಕಷ್ಟವಾದ ಕಡೆ ಫೈಬರಿನ ತುದಿಯಿಂದ ರೇಡಿಯೋ ಅಲೆಯಲ್ಲಿ ಇಂಟರ್‌ನೆಟ್ ಕೊಟ್ಟರು, ಅದೇ ಗೋಪುರಗಳಿಂದ ಮೊಬೈಲ್ ಸಿಗ್ನಲ್ಲೂ ಸುಧಾರಿಸಿತು.

ಕಿಲೋಮೀಟರಿಗೆ ಐದು ಮನೆ

ಇಂಥ ಊರುಗಳಿಗೆ ದೊಡ್ಡ ಕಂಪನಿಗಳು ಬರದಿರುವುದಕ್ಕೆ ಕಾರಣ ಸರಳ. ಅಮೆರಿಕದಲ್ಲಿ ಲಾಭಕ್ಕಾಗಿ ನಡೆಯುವ ವಿದ್ಯುತ್ ಕಂಪನಿಗೆ ಒಂದು ಮೈಲಿ ಲೈನಿಗೆ ಮೂವತ್ತಕ್ಕೂ ಹೆಚ್ಚು ಗ್ರಾಹಕರಿದ್ದಾರೆ. ಸಹಕಾರ ಸಂಘಗಳಿಗೆ ಸರಾಸರಿ ಎಂಟು, ಅಂದರೆ ಕಿಲೋಮೀಟರಿಗೆ ಐದು ಮನೆ. ಹಾಗಿದ್ದೂ ದೇಶದ ಅರ್ಧಕ್ಕಿಂತ ಹೆಚ್ಚು ಭೂಭಾಗಕ್ಕೆ ಕರೆಂಟ್ ಹಂಚುವುದು ಈ ಸಂಘಗಳೇ. ಕಂಬ, ಕೇಬಲ್, ಕೂಲಿ ಎಲ್ಲಕ್ಕೂ ದುಡ್ಡು ಸುರಿಯಬೇಕಾದದ್ದು ಕಿಲೋಮೀಟರಿನ ಲೆಕ್ಕದಲ್ಲಿ, ದುಡ್ಡು ವಾಪಸು ಬರುವುದು ಮನೆಯ ಲೆಕ್ಕದಲ್ಲಿ.

ಈ ಲೆಕ್ಕವನ್ನು ಅಮೆರಿಕ ಒಮ್ಮೆ ಬಿಡಿಸಿತ್ತು. 1930ರ ದಶಕದ ನಡುವಿನಲ್ಲಿ ಅಲ್ಲಿಯ ರೈತರ ಮನೆಗಳಲ್ಲಿ ಹತ್ತಕ್ಕೆ ಒಂದರಲ್ಲಿ ಮಾತ್ರ ಕರೆಂಟ್ ಇತ್ತು. ಕಂಪನಿಗಳು ಹಳ್ಳಿಯಿಂದ ಲಾಭ ಹುಟ್ಟದು ಎಂದಿದ್ದವು. 1935ರ ಮೇ 11ರಂದು ಅಧ್ಯಕ್ಷ ರೂಸ್ವೆಲ್ಟ್ ಗ್ರಾಮೀಣ ವಿದ್ಯುದೀಕರಣ ಆಡಳಿತವನ್ನು ಸ್ಥಾಪಿಸಿದರು, ಮರುವರ್ಷ ಅದಕ್ಕೆ ಕಾಯಿದೆಯ ಬಲ ಬಂತು. ಕಡಿಮೆ ಬಡ್ಡಿಯ ದೀರ್ಘಾವಧಿ ಸಾಲ ಕೊಡಲು ಸರಕಾರ ಸಿದ್ಧವಾಯಿತು, ಕಂಪನಿಗಳು ಉತ್ಸಾಹ ತೋರಲಿಲ್ಲ, ರೈತರು ಸಂಘ ಕಟ್ಟಿ ಸಾಲ ಪಡೆದರು. ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ಹತ್ತಕ್ಕೆ ಒಂಬತ್ತು ಮನೆಗಳಿಗೆ ಕರೆಂಟ್ ಬಂದಿತ್ತು. ಓಪಾಲ್ಕೊ ಆ ಅಲೆಯಲ್ಲಿ ಹುಟ್ಟಿದ ಸಂಘ.

ಆ ಅಲೆ ನಮ್ಮ ದಡಕ್ಕೂ ಬಂದಿದೆ. 1969ರಲ್ಲಿ ಭಾರತದಲ್ಲಿ ಗ್ರಾಮೀಣ ವಿದ್ಯುದೀಕರಣ ನಿಗಮ ಹುಟ್ಟಿದ ಹೊತ್ತಿಗೆ, ಅಮೆರಿಕದ ಈ ಸಂಘಗಳ ರಾಷ್ಟ್ರೀಯ ಒಕ್ಕೂಟದ ನೆರವಿನಿಂದ ಐದು ಕಡೆ ಪ್ರಾಯೋಗಿಕ ವಿದ್ಯುತ್ ಸಹಕಾರ ಸಂಘಗಳು ಶುರುವಾದವು: ಈಗ ತೆಲಂಗಾಣದಲ್ಲಿರುವ ಸಿರಿಸಿಲ್ಲ, ಗುಜರಾತಿನ ಕೊಡಿನಾರ್, ಮಹಾರಾಷ್ಟ್ರದ ಮುಳಾ-ಪ್ರವರಾ, ಉತ್ತರ ಪ್ರದೇಶದ ಲಖನೌ, ಮತ್ತು ಬೆಳಗಾವಿ ಜಿಲ್ಲೆಯ ಹುಕ್ಕೇರಿ. ಹುಕ್ಕೇರಿಯ ಸಂಘ ಇಂದಿಗೂ ಕರೆಂಟ್ ಹಂಚುತ್ತಿದೆ. ಕರ್ನಾಟಕದ ಉಳಿದೆಡೆಯಲ್ಲಿ ಕಂಬ ಸರಕಾರಿ ವಿದ್ಯುತ್ ಕಂಪನಿಗಳದು, ಪಂಚಾಯಿತಿ ಕಚೇರಿಗೆ ಬರುವ ಭಾರತ್‌ನೆಟ್ ಫೈಬರ್ ದೂರಸಂಪರ್ಕ ಇಲಾಖೆಯ ಯೋಜನೆಯದು. ಎರಡೂ ಒಂದೇ ಕೈಯಲ್ಲಿದ್ದರೆ ಏನಾಗುತ್ತದೆ ಎಂಬುದನ್ನು ಕರ್ನಾಟಕದಲ್ಲಿ ನಾವು ಇನ್ನೂ ಹಳ್ಳಿಯ ಮಟ್ಟದಲ್ಲಿ ನೋಡಿಲ್ಲ. ದೊಡ್ಡ ಗೋಪುರಗಳಲ್ಲಿ ಮಾತ್ರ ನೋಡಿದ್ದೇವೆ: ಪವರ್‌ಗ್ರಿಡ್ ಸಂಸ್ಥೆ ತನ್ನ ಪ್ರಸರಣ ಗೋಪುರಗಳ ನೆತ್ತಿಯಲ್ಲಿ ಸಿಡಿಲು ತಡೆಯಲು ಕಟ್ಟುವ ಭೂತಂತಿಯೊಳಗೇ ಫೈಬರ್ ಇಟ್ಟು, ಉಳಿದ ಎಳೆಗಳನ್ನು ದೂರಸಂಪರ್ಕಕ್ಕೆ ಬಾಡಿಗೆಗೆ ಕೊಡುತ್ತ ಬಂದಿದೆ.

ಕಂಬದ ಮೇಲಿನ ಒಂದು ಮೀಟರ್

ಒಂದೇ ಕೈಯಲ್ಲಿ ಇರುವುದರ ಬೆಲೆ ಕಂಬದ ಕೆಳಗೆ ನಿಂತು ತಲೆಯೆತ್ತಿದರೆ ಕಾಣುತ್ತದೆ. ಅಮೆರಿಕದ ಕಂಬದ ತುದಿಯಲ್ಲಿ ಹೆಚ್ಚು ವೋಲ್ಟಿನ ತಂತಿ, ಅದರ ಕೆಳಗೆ ನ್ಯೂಟ್ರಲ್. ಅದಕ್ಕೂ ಕೆಳಗೆ ಸುಮಾರು ಒಂದು ಮೀಟರ್ ಜಾಗ ಖಾಲಿ ಬಿಡಲೇಬೇಕು, ನಿಯಮದ ಪ್ರಕಾರ 40 ಅಂಗುಲ. ಫೋನ್, ಕೇಬಲ್ ಟಿವಿಯವರ ತಂತಿಗಳೆಲ್ಲ ಆ ಖಾಲಿ ಜಾಗದ ಕೆಳಗೆ. ಅವರ ಕೆಲಸಗಾರ ಮೇಲಿನ ವಿದ್ಯುತ್ತಿನ ಹತ್ತಿರ ಹೋಗುವಂತಿಲ್ಲ, ಅವನಿಗೆ ಆ ತರಬೇತಿ ಇರುವುದಿಲ್ಲ.

ಹೊರಗಿನ ಕಂಪನಿ ಹೊಸ ಫೈಬರ್ ಹಾಕಬೇಕೆಂದರೆ ಈ ಕೆಳಗಿನ ಜಾಗದಲ್ಲಿ ಎಡೆ ಬೇಕು. ಎಡೆ ಇರದಿದ್ದರೆ ಇದ್ದವರ ತಂತಿಗಳನ್ನು ಸರಿಸಬೇಕು, ಕಂಬ ಗಿಡ್ಡವಾದರೆ ಕಂಬವನ್ನೇ ಬದಲಿಸಬೇಕು. ಒಂದೊಂದು ಕಂಬಕ್ಕೂ ಅರ್ಜಿ, ಪರಿಶೀಲನೆ, ಖರ್ಚು. ಹಳ್ಳಿಯ ಯೋಜನೆಗಳು ಉಸಿರು ಕಳೆದುಕೊಳ್ಳುವುದು ಇಲ್ಲೇ. ವಿದ್ಯುತ್ ಸಂಘಕ್ಕೆ ಈ ತಾಪತ್ರಯ ಬಹಳ ಕಡಿಮೆ. ಕಂಬ ಅದರದ್ದೇ, ಮೇಲೆ ಹತ್ತುವ ಲೈನ್‌ಮನ್ ವಿದ್ಯುತ್ತಿನ ಕೆಲಸ ಬಲ್ಲವನು, ಕೇಬಲ್ಲಿನಲ್ಲಿ ಲೋಹ ಇಲ್ಲ. ಆದ್ದರಿಂದ ನ್ಯೂಟ್ರಲ್ಲಿನ ಆಸುಪಾಸಿನಲ್ಲೇ, ಬೇರೆಯವರು ಬಳಸಲಾಗದ ಎಡೆಯಲ್ಲಿ, ಫೈಬರ್ ಕಟ್ಟಬಹುದು.

ಖರ್ಚಿನ ಬಹುಪಾಲು ಇರುವುದು ಈ ಕಟ್ಟುವ ಕೆಲಸದಲ್ಲಿ, ಗಾಜಿನಲ್ಲಲ್ಲ. ಮರುಜೋಡಕಗಳು, ಸಬ್‌ಸ್ಟೇಷನ್‌ಗಳು ಎಲ್ಲ ಸೇರಿ ಬಳಸುವುದು ಬೆರಳೆಣಿಕೆಯ ಎಳೆಗಳನ್ನು. ಕೇಬಲ್ಲಿನಲ್ಲಿ ಅಷ್ಟೇ ಎಳೆಗಳ ಬದಲು 96 ಅಥವಾ 144 ಎಳೆ ಇಟ್ಟರೆ ಹೆಚ್ಚುವ ವೆಚ್ಚ ಒಟ್ಟು ಕೆಲಸದ ಮುಂದೆ ಸಣ್ಣದು. ಜಾಲಕ್ಕೆ ಬೇಕೆಂದು ಹೇಗೂ ಹಾಕಬೇಕಾದ ಕೇಬಲ್, ಊರಿಗೂ ಸಾಕಾಗುವಷ್ಟು ಎಳೆಗಳನ್ನು ಹೊತ್ತು ಬರುತ್ತದೆ. ಮಿಸೌರಿಯ ಟಿಪ್ಟನ್ ಊರಿನ ಕೋ-ಮೊ ಸಂಘ ಸರಕಾರದ ಅನುದಾನ ಸಿಗದಿದ್ದರೂ ಸದಸ್ಯರ ಒಪ್ಪಿಗೆ ಕೂಡಿಸಿಕೊಂಡು ಈ ಲೆಕ್ಕದ ಮೇಲೆಯೇ ಮುಂದಡಿ ಇಟ್ಟಿತು. ಮಿಸಿಸಿಪ್ಪಿಯಲ್ಲಿ ಅಡ್ಡವಾಗಿದ್ದದ್ದು 1942ರ ಒಂದು ಕಾನೂನು: ವಿದ್ಯುತ್ ಸಂಘಗಳು ಕರೆಂಟ್ ಬಿಟ್ಟು ಬೇರೆ ವ್ಯವಹಾರಕ್ಕೆ ಇಳಿಯಬಾರದು ಎಂದು. 2019ರಲ್ಲಿ ಆ ರಾಜ್ಯ ತಡೆಯನ್ನು ತೆಗೆದುಹಾಕಿತು, ಸಂಘಗಳು ಒಂದರ ಹಿಂದೊಂದು ಫೈಬರಿಗೆ ಇಳಿದವು. ದುಡ್ಡು ಮತ್ತು ತಂತ್ರಜ್ಞಾನ ಎರಡೂ ಇದ್ದು ಬರೀ ಹಳೆಯ ಕಾಗದವೊಂದು ಹಳ್ಳಿಯನ್ನು ವರ್ಷಗಟ್ಟಲೆ ಹಿಂದಿಡುವುದು ನನ್ನ ಮಟ್ಟಿಗೆ ಇಡೀ ಕಥೆಯಲ್ಲಿ ಅತ್ಯಂತ ಬೇಸರದ ಭಾಗ.

ಎಳೆ ಕೂಡಿಸುವ ಕೆಲಸವನ್ನು ನೀವು ನಮ್ಮಲ್ಲೇ ನೋಡಿರುತ್ತೀರಿ, ರಸ್ತೆ ಬದಿಯಲ್ಲಿ ಕೊಡೆ ಕಟ್ಟಿಕೊಂಡು ಪುಟ್ಟ ಯಂತ್ರದ ಮುಂದೆ ಕೂತವರನ್ನು. ಎಳೆಯ ಬಣ್ಣದ ಹೊದಿಕೆ ಸುಲಿದು, ಸ್ಪಿರಿಟ್ಟಿನಿಂದ ಒರೆಸಿ, ತುದಿಯನ್ನು ನೇರವಾಗಿ ತುಂಡರಿಸುತ್ತಾರೆ. ಯಂತ್ರ ಎರಡು ತುದಿಗಳನ್ನು ಎದುರುಬದುರು ತಂದು, ತಿರುಳಿಗೆ ತಿರುಳು ಸೇರುವಂತೆ ಹೊಂದಿಸಿ, ಒಂದು ವಿದ್ಯುತ್ ಕಿಡಿಯಿಂದ ಗಾಜನ್ನು ಕರಗಿಸಿ ಬೆಸೆಯುತ್ತದೆ. ಆಮೇಲೆ ಬೆಸುಗೆಯ ಮೇಲೆ ಒಂದು ಕೊಳವೆ ಸರಿಸಿ ಬಿಸಿ ಮಾಡಿ ಬಿಗಿಗೊಳಿಸುತ್ತಾರೆ. ತುದಿಯಲ್ಲಿ ಧೂಳಿನ ಕಣವೊಂದು ಕೂತಿದ್ದರೂ ಮತ್ತೆ ಮೊದಲಿನಿಂದ. 7,200 ವೋಲ್ಟಿನ ತಂತಿಯನ್ನು ದಪ್ಪ ರಬ್ಬರ್ ಗ್ಲೌಸಿನಲ್ಲಿ ಹಿಡಿದು ಪಳಗಿದ ಅಮೆರಿಕದ ಲೈನ್‌ಮನ್‌ಗಳು ಬರಿಗೈಯಲ್ಲಿ, ಉಸಿರು ಬಿಗಿಹಿಡಿದು ಮಾಡುವ ಈ ಕೆಲಸವನ್ನೂ ಕಲಿತರು.

ಪೆಟ್ಟಿಗೆಯ ಕೊನೆಯುಸಿರು

ಮನೆಗಳಿಗೆ ಎಳೆ ಹಂಚುವಾಗ ಒಂದೊಂದು ಮನೆಗೂ ಕಚೇರಿಯಿಂದಲೇ ಬೇರೆ ಬೇರೆ ಎಳೆ ತರಬೇಕಿಲ್ಲ. ಒಂದು ಎಳೆಯ ಬೆಳಕನ್ನು ಊರ ಹತ್ತಿರ 32 ಕವಲುಗಳಾಗಿ ಒಡೆಯುತ್ತಾರೆ. ಒಡೆಯುವ ಆ ಗಾಜಿನ ತುಂಡಿಗೆ ಕರೆಂಟೇ ಬೇಡ. ಬರುವ ಬೆಳಕಿಗೂ ಹೋಗುವ ಬೆಳಕಿಗೂ ತರಂಗದ ಉದ್ದ ಬೇರೆ, ಆದ್ದರಿಂದ ಒಂದೇ ಎಳೆಯಲ್ಲಿ ಎರಡೂ ಸಾಗುತ್ತವೆ. ಬರುವ ಬೆಳಕು 32 ಮನೆಗೂ ಒಟ್ಟಿಗೆ ಬರುತ್ತದೆ, ಮನೆಯೊಳಗಿನ ಪೆಟ್ಟಿಗೆ ತನ್ನದನ್ನು ಮಾತ್ರ ತೆಗೆದುಕೊಳ್ಳುತ್ತದೆ. ವಾಪಸು ಕಳಿಸುವಾಗ ಎಲ್ಲರೂ ಒಟ್ಟಿಗೆ ಮಾತಾಡಿದರೆ ಕಲಸಿಹೋಗುತ್ತದೆ ಎಂದು ಕಚೇರಿಯ ಯಂತ್ರ ಒಂದೊಂದು ಪೆಟ್ಟಿಗೆಗೂ ಸರದಿ ಗೊತ್ತುಮಾಡುತ್ತದೆ.

ದಾರಿಯುದ್ದಕ್ಕೂ ಎಲ್ಲಿಯೂ ಕರೆಂಟ್ ಬೇಡದ ಕಾರಣ ಊರೆಲ್ಲ ಕತ್ತಲಾದರೂ ಎಳೆ ಬದುಕಿರುತ್ತದೆ. ಕರೆಂಟ್ ಬೇಕಾದದ್ದು ಎರಡು ತುದಿಯಲ್ಲಿ. ಕಚೇರಿಯ ತುದಿಯಲ್ಲಿ ಬ್ಯಾಟರಿ, ಜನರೇಟರ್ ಇರುತ್ತವೆ. ಮನೆಯ ತುದಿಯ ಪೆಟ್ಟಿಗೆ ಮಾತ್ರ ಗೋಡೆಯ ಪ್ಲಗ್ಗನ್ನು ನಂಬಿಕೊಂಡಿದೆ.

ಅದರೊಳಗೆ ಒಂದಿಷ್ಟು ಕರೆಂಟ್ ಕೂಡಿಟ್ಟುಕೊಳ್ಳುವ ಕೆಪಾಸಿಟರ್ ಇದೆ. ಪ್ಲಗ್ಗಿನಿಂದ ಕರೆಂಟ್ ನಿಂತೊಡನೆ, ಆ ಉಳಿಕೆ ತೀರುವ ಮೊದಲು, ಪೆಟ್ಟಿಗೆ ಎಳೆಯ ಮೂಲಕ ಒಂದು ಸಂದೇಶ ಕಳಿಸಿ ಆರಿಹೋಗುತ್ತದೆ. ಇಂಜಿನಿಯರುಗಳು ಇದನ್ನು ಕೊನೆಯುಸಿರು ಎಂದೇ ಕರೆಯುತ್ತಾರೆ. ಹೇಳುವುದು ಇಷ್ಟೇ: ನನಗೆ ಕರೆಂಟ್ ಹೋಯಿತು. ಸಂಘದ ಕಂಟ್ರೋಲ್ ರೂಮಿನಲ್ಲಿ ಯಾವ ಯಾವ ಮನೆಯಿಂದ ಈ ಕೊನೆಯುಸಿರು ಬಂತು, ಯಾವುದರಿಂದ ಬರಲಿಲ್ಲ ಎಂಬುದನ್ನು ಲೈನಿನ ನಕ್ಷೆಯ ಮೇಲೆ ಇಟ್ಟು ನೋಡಬಹುದು. ಒಂದೇ ಟಿ.ಸಿ.ಯ ಆರು ಮನೆಗಳಿಂದ ಬಂದು ಪಕ್ಕದ ಟಿ.ಸಿ.ಯಿಂದ ಬರದಿದ್ದರೆ ಹೋಗಿರುವುದು ಆ ಟಿ.ಸಿ.ಯ ಫ್ಯೂಸು. ಕರೆಂಟ್ ಲೈನಿನ ಒಂದು ಕವಲಿನ ಮನೆಗಳೆಲ್ಲ ಆರಿದ್ದರೆ ಮರ ಬಿದ್ದಿರುವುದು ಆ ಕವಲಿನ ಬುಡದಲ್ಲಿ. ಮರುಜೋಡಕಗಳು ದೊಡ್ಡ ಲೈನಿನಲ್ಲಿ ಮಾಡುವ ಕೆಲಸವನ್ನು ಇಂಟರ್‌ನೆಟ್ಟಿನ ಪೆಟ್ಟಿಗೆಗಳು ಕಟ್ಟಕಡೆಯ ಕಂಬದವರೆಗೂ ಒಯ್ಯುತ್ತವೆ. ಮಕ್ಕಳ ಪಾಠಕ್ಕೆಂದು ಮನೆಗೆ ತಂದ ಎಳೆ, ಮನೆಯವರು ಫೋನ್ ಕೈಗೆತ್ತಿಕೊಳ್ಳುವ ಮೊದಲೇ, ಆ ಮನೆಯ ಕತ್ತಲನ್ನು ಸಂಘಕ್ಕೆ ತಿಳಿಸಿರುತ್ತದೆ.

ಮರ ಬೀಳುವಾಗ ಒಮ್ಮೊಮ್ಮೆ ಕರೆಂಟಿನ ತಂತಿಯ ಜೊತೆ ಫೈಬರನ್ನೂ ಕೆಡವುತ್ತದೆ. ಒಂದೇ ಕಂಬ ನಂಬಿದ ಮೇಲೆ ಈ ಅಪಾಯ ಇದ್ದದ್ದೇ. ಅದಕ್ಕೇ ಬೆನ್ನೆಲುಬಿನ ಫೈಬರನ್ನು ಸಾಧ್ಯವಾದ ಕಡೆ ಬಳೆಯಾಕಾರದಲ್ಲಿ ಸುತ್ತುತ್ತಾರೆ, ಒಂದು ಕಡೆ ಕಡಿದರೆ ಸುದ್ದಿ ಇನ್ನೊಂದು ಕಡೆಯಿಂದ ಬರಲಿ ಎಂದು. ಎಳೆ ತುಂಡಾದ ಮನೆಯಿಂದ ಕೊನೆಯುಸಿರು ಬರುವುದಿಲ್ಲ, ಬೆಳಕು ಸುಮ್ಮನೆ ನಿಲ್ಲುತ್ತದೆ. ಆ ವ್ಯತ್ಯಾಸದಿಂದಲೇ ಹೋದದ್ದು ಕರೆಂಟೋ ಎಳೆಯೋ ಎಂದು ಗೊತ್ತಾಗುತ್ತದೆ. ಎಳೆಯೇ ಆದರೆ ಕಚೇರಿಯಿಂದ ಅದರೊಳಗೆ ಬೆಳಕಿನ ಒಂದು ಚಿಕ್ಕ ಮಿಡಿತ ಕಳಿಸುತ್ತಾರೆ. ತುಂಡಾದ ತುದಿಗೆ ಬಡಿದು ಅದರ ಒಂದಂಶ ಹಿಂದಿರುಗುತ್ತದೆ. ಹೋಗಿ ಬರಲು ಹಿಡಿದ ಸಮಯವನ್ನು ಬೆಳಕಿನ ವೇಗದೊಡನೆ ಲೆಕ್ಕ ಹಾಕಿದರೆ ತುಂಡಾದ ಜಾಗ ಕೆಲವೇ ಮೀಟರ್‌ಗಳ ಅಂತರದಲ್ಲಿ ಸಿಗುತ್ತದೆ. ಯಾವ ಕಂಬದ ಹತ್ತಿರ ಗಾಡಿ ನಿಲ್ಲಿಸಬೇಕು, ಗರಗಸದ ಜೊತೆ ಬೆಸೆಯುವ ಯಂತ್ರವನ್ನೂ ಒಯ್ಯಬೇಕೇ ಎಂಬುದು ಲೈನ್‌ಮನ್‌ಗೆ ಹಡಗು ಹತ್ತುವ ಮೊದಲೇ ತಿಳಿದಿರುತ್ತದೆ.